ಕದ್ದ ಎರಡು ಬಿಟ್

೧೬ ಮಾರ್ಚ್

ಪ್ರೀತಿಯ ಅತ್ತಿಗೆ,

ಈ ಕಾಲದಲ್ಲಿ ಕಾಗದವೇ ಎಂದು ಹುಬ್ಬೇರಿಸಬೇಡಿ. ನಿಮ್ಮ ಕಂಪನಿಗೆ ಮೇಲ್ ಹಾಕಿದರೆ ಸಹಾಯವಾಣಿಯ ಯಾರೋ ಉತ್ತರಿಸುತ್ತಾರೆ. ನನಗೆ ಬೇಕಾದದ್ದು ನಿಮ್ಮ ಉತ್ತರ. ಅದಕ್ಕೇ ನೇರವಾಗಿ ಮನೆ ವಿಳಾಸಕ್ಕೆ ಹಾಕುತ್ತಿದ್ದೇನೆ. ಅಣ್ಣ ಒಡೆದು ಓದಿದರೂ ಅಡ್ಡಿಯಿಲ್ಲ, ಎರಡು ಪುಟ ಓದುವ ತಾಳ್ಮೆ ಅವನಿಗೆ ಬಂದಿದ್ದರೆ.

ಮೊದಲು ಸಿಹಿ ಸುದ್ದಿ. ನಮ್ಮ ಅಣೆಕಟ್ಟಿನ ಸೋರಿಕೆ ಆರು ದಿನದಿಂದ ಸೊನ್ನೆ! ಗೋಡೆಯಿಂದ ಒಸರುವ ನೀರು ಒಳಗಿನ ಸುರಂಗದಲ್ಲಿ ಒಂದು ಮುಚ್ಚಿದ ಕೊಳವೆಗೆ ಸೇರುತ್ತದೆ. ಹೋದ ವರ್ಷ ಫೆಬ್ರುವರಿ ಒಂದರಂದು ಆ ಕೊಳವೆಗೆ ಮೀಟರ್ ಕೂರಿಸಿ, ಮೇಲೆ ಕಚೇರಿಯಲ್ಲಿ ನಿಮ್ಮ ಕಂಪನಿಯ ಲೆಕ್ಕದ ಡಬ್ಬಿ, ಆ ಪುಟ್ಟ ಕಂಪ್ಯೂಟರ್, ಇಟ್ಟೆವು. ನೀವು ಕಟ್ಟಿದ ಭಾಷೆಯಲ್ಲಿ ನಾನೇ ಹನ್ನೆರಡು ಸಾಲಿನ ಪ್ರೋಗ್ರಾಂ ಬರೆದೆ. ಹತ್ತು ಸೆಕೆಂಡಿಗೊಮ್ಮೆ, ಎಷ್ಟು ಲೀಟರ್ ಬಂತೋ ಅಷ್ಟನ್ನು ಮೊತ್ತಕ್ಕೆ ಕೂಡುತ್ತದೆ. ಬೆಳಿಗ್ಗೆ ಎಂಟಕ್ಕೆ ಇವತ್ತಿನ ಮೊತ್ತದಿಂದ ನಿನ್ನೆಯದನ್ನು ಕಳೆದರೆ ದಿನದ ಸೋರಿಕೆ. ಜುಲೈನಲ್ಲಿ ಗೋಡೆಯ ಬಿರುಕುಗಳಿಗೆ ಸಿಮೆಂಟ್ ಹಾಲು ತುಂಬಿಸಿದರು. ಆ ವಾರವೇ ಸೋರಿಕೆ ಮೂರನೇ ಒಂದು ಪಾಲು ಇಳಿಯಿತು. ಈಗ ಪೂರ್ತಿ ನಿಂತಿದೆ. ಮುಖ್ಯ ಎಂಜಿನಿಯರ್ ನೆಲದ ಮೇಲೆ ನಡೆಯುತ್ತಿಲ್ಲ.

ಇನ್ನು ಕಹಿ. ಇಲ್ಲೊಬ್ಬ ಹಿರಿಯ ಅಳತೆಗಾರರಿದ್ದಾರೆ. ಎಲ್ಲರೂ ಬಕೆಟ್ಟಜ್ಜ ಅನ್ನುತ್ತಾರೆ. ಇಪ್ಪತ್ತೆಂಟು ವರ್ಷದಿಂದ ದಿನಾ ಇನ್ನೂರ ಹನ್ನೆರಡು ಮೆಟ್ಟಿಲು ಇಳಿದು, ಕೊಳವೆಯ ಪಕ್ಕದ ತಿರುಪು ಬಿಚ್ಚಿ, ಹತ್ತು ಲೀಟರ್ ಬಕೆಟ್ ತುಂಬಲು ಎಷ್ಟು ಸೆಕೆಂಡ್ ಹಿಡಿಯಿತೆಂದು ಪುಸ್ತಕದಲ್ಲಿ ಬರೆಯುತ್ತಾರೆ. ಡಬ್ಬಿ ಸೊನ್ನೆ ಅನ್ನುವಾಗ ಇವರ ಪುಸ್ತಕದಲ್ಲಿ ಐವತ್ನಾಲ್ಕು ಸೆಕೆಂಡ್! ಅಂದರೆ ದಿನಕ್ಕೆ ಹದಿನಾರು ಸಾವಿರ ಲೀಟರ್. ಗೋಡೆ ತೊಳೆಯುವ ನೀರಿನ ನಲ್ಲಿಯೂ ಅದೇ ಮೂಲೆಯಲ್ಲಿದೆ, ಅತ್ತಿಗೆ. ಡಬ್ಬಿ ಬಂದ ಮೇಲೆ ತನ್ನ ಕೆಲಸ ಹೋಗುತ್ತದೆಂದು ಅವರಿಗೆ ಭಯ. ಯಾವ ನೀರು ಹಿಡಿದು ಬರೆಯುತ್ತಿದ್ದಾರೋ ಯಾರು ಕಂಡರು.

ವಿಚಾರಣೆ ಆಗಲಿದೆ. ಡಬ್ಬಿ ಲೆಕ್ಕ ತಪ್ಪುವುದಿಲ್ಲ ಎಂದು ನೀವು ಒಂದು ಪುಟ ಬರೆದು ಸಹಿ ಹಾಕಿ ಕಳಿಸಿದರೆ ಸಾಕು.

ನಿಮ್ಮ ನಾದಿನಿ


೨೪ ಮಾರ್ಚ್

ನನ್ನ ಒಬ್ಬಳೇ ನಾದಿನಿಗೆ,

ಲಕೋಟೆ ಒಡೆದದ್ದು ನಾನೇ. ನಿಮ್ಮಣ್ಣ ವಿಳಾಸ ನೋಡಿ "ಅವಳಿಗೆ ಏನೋ ಬೇಕಾಗಿರತ್ತೆ" ಎಂದು ಪಕ್ಕಕ್ಕಿಟ್ಟಿದ್ದರು. ಒಡಹುಟ್ಟಿದವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ ನೋಡು.

ನೀನು ಕೇಳಿದ ಪುಟ ಬರೆದುಕೊಡುವ ಅಧಿಕಾರ ನನಗಿಲ್ಲ. ಇಲ್ಲಿ ಒಂದು ಸಾಲು ಹೊರಗೆ ಹೋಗಬೇಕಾದರೂ ವಕೀಲರು ನೋಡಬೇಕು. ಆಸ್ಪತ್ರೆಗಳಿಗೆ ಡಬ್ಬಿ ಕೊಡುವ ದೊಡ್ಡ ಮಾತುಕತೆ ನಡೆಯುತ್ತಿದೆ, ಎಲ್ಲರೂ ತುದಿಗಾಲಿನಲ್ಲಿದ್ದಾರೆ. ಬೇಜಾರು ಮಾಡಿಕೊಳ್ಳಬೇಡ.

ಸುಮ್ಮನೆ ಒಂದೆರಡು ಪ್ರಶ್ನೆ. ಆ ಮೊತ್ತವನ್ನು ನಡುವೆ ಯಾವತ್ತಾದರೂ ಸೊನ್ನೆಗೆ ತಂದಿದ್ದೀಯಾ, ಇಲ್ಲ ಹೋದ ಫೆಬ್ರುವರಿಯಿಂದ ಒಂದೇ ಸಮನೆ ಕೂಡುತ್ತಲೇ ಇದೆಯಾ? ಈಗ ಮೊತ್ತ ಎಷ್ಟಕ್ಕೆ ನಿಂತಿದೆ? ಪ್ರೋಗ್ರಾಂ ಅನ್ನು ನೀನು ಆಮೇಲೆ ತಿದ್ದಿದ್ದೀಯಾ? ಮುಖ ಊದಿಸಬೇಡ. ನನ್ನ ಮದುವೆಯ ಹೊಸತರಲ್ಲಿ ನನ್ನ ಕೈಗಡಿಯಾರ ಬಿಚ್ಚಿ, ಮೂರು ಚಕ್ರ ಉಳಿಸಿ, "ಸರಿ ಹೋಯ್ತು ಅತ್ತಿಗೆ" ಎಂದವಳು ನೀನು. ನಿನ್ನ ಕೈ ಸುಮ್ಮನಿರುವುದಿಲ್ಲ ಎಂಬ ಅನುಮಾನ ನನಗೆ ಬರುವುದು ಸಹಜ.

ದಿನದಿನದ ಅಂಕಿಗಳ ಪಟ್ಟಿಯನ್ನೂ ಕಳಿಸು. ಕಾಗದದಲ್ಲೇ. ಮೇಲ್ ಬೇಡ.

ಅತ್ತಿಗೆ


೩೧ ಮಾರ್ಚ್

ಅತ್ತಿಗೆ,

ಸಹಾಯ ಕೇಳಿದವಳಿಗೇ ಪಾಟಿ ಸವಾಲು! ಇಲ್ಲ, ಪ್ರೋಗ್ರಾಂ ಮುಟ್ಟಿಲ್ಲ. ಇಲ್ಲ, ಸೊನ್ನೆಗೆ ತಂದಿಲ್ಲ. ಮೊತ್ತ ೪೧,೯೪,೩೦೪ ಲೀಟರಿಗೆ ನಿಂತಿದೆ. ನಿಮ್ಮ ಪುಸ್ತಕದ ಇಪ್ಪತ್ತೊಂದನೇ ಪುಟದಲ್ಲಿ "ದಶಮಾಂಶ ಸಂಖ್ಯೆಗಳು ಏಳು ಅಂಕಿಯವರೆಗೆ ನಿಖರ" ಎಂದಿದೆ. ಬರೆದದ್ದು ನೀವೇ. ಎಣಿಸಿದೆ, ಏಳೇ ಅಂಕಿ.

ಪಟ್ಟಿ ಇಟ್ಟಿದ್ದೇನೆ. ಮೊದಲ ಒಂದು ತಿಂಗಳು ಅಜ್ಜನ ಅಂಕಿಯೂ ಡಬ್ಬಿಯದೂ ಹೆಚ್ಚುಕಡಿಮೆ ಒಂದೇ, ದಿನಕ್ಕೆ ಹದಿಮೂರು ಸಾವಿರದ ಒಂಬೈನೂರರ ಆಸುಪಾಸು. ಮಾರ್ಚ್ ನಡುವಿನಿಂದ ಡಬ್ಬಿ ೧೨,೯೬೦ ಅನ್ನುತ್ತದೆ, ದಿನವೂ. ಜುಲೈ ಹತ್ತರಿಂದ ೮,೬೪೦, ಎಂಟು ತಿಂಗಳು, ಒಂದು ಲೀಟರ್ ಆಚೀಚೆ ಇಲ್ಲ. ಈಗ ಸೊನ್ನೆ. ಅಜ್ಜನದು ನೋಡಿ: ಅರವತ್ತೆರಡು ಸೆಕೆಂಡ್, ಅರವತ್ತು, ಅರವತ್ತೊಂದು, ಐವತ್ತೇಳು, ಐವತ್ನಾಲ್ಕು. ಸತ್ಯ ಹೇಳುವವನ ಅಂಕಿ ನೆಟ್ಟಗೆ ನಿಲ್ಲುತ್ತದೆ, ಸುಳ್ಳನ ಅಂಕಿ ಕುಣಿಯುತ್ತದೆ.

ನಿನ್ನೆ ಅವರನ್ನು ಮುಖ್ಯ ಎಂಜಿನಿಯರ್ ಕೋಣೆಗೆ ಕರೆಸಿದ್ದರು. ನಾನೂ ಇದ್ದೆ. ಅಜ್ಜ ಟೋಪಿ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡು ಕೂತಿದ್ದರು.

"ಯಂತ್ರ ಸೊನ್ನೆ ಅನ್ನತ್ತೆ. ನೀವು ಹದಿನಾರು ಸಾವಿರ ಅಂತೀರಿ. ಯಾರ್ದು ಸುಳ್ಳು?"

"ಸಾರ್, ಬೆವರದ ಮನುಷ್ಯ, ಒಸರದ ಅಣೆಕಟ್ಟು ಎರಡೂ ನಾನು ನೋಡಿಲ್ಲ. ಒಂದ್ಸಲ ನೀವೇ ಇಳಿದು ಬನ್ನಿ."

"ನಲ್ಲಿ ನೀರು ಹಿಡಿದು ತೋರಿಸ್ತೀರಾ?"

ಅಜ್ಜ ನನ್ನ ಕಡೆ ತಿರುಗಿದರು. "ಅಮ್ಮ, ನೀವು ಕೊನೇ ಸಲ ಇಳಿದಿದ್ದು ಯಾವಾಗ?"

ಜನವರಿಯಲ್ಲಿ. ಹೇಳಲಿಲ್ಲ. ಡಬ್ಬಿ ಇರುವುದೇ ದಿನಾ ಇಳಿಯಬಾರದೆಂದು ತಾನೇ? ಸುರಂಗದ ಬೀಗದ ಕೈ ಅವರಿಂದ ತೆಗೆದುಕೊಂಡರು. ವರದಿಗೆ ನನ್ನ ಸಹಿ ನಾಡಿದ್ದು. ನಿಮ್ಮ ಪುಟ ಬರದಿದ್ದರೂ ನಡೆಯುತ್ತದೆ.

ನಾದಿನಿ


೫ ಏಪ್ರಿಲ್

ಪಟ್ಟಿ ನೋಡಿದೆ.

ಸಹಿ ಹಾಕಬೇಡ. ಹಾಕಿದ್ದರೆ ವಾಪಸ್ ತೆಗೆದುಕೋ. ಮೊದಲು ನೀನೇ ಬಕೆಟ್ ಹಿಡಿದು ಕೆಳಗೆ ಇಳಿ. ಬೇರೆಯವರನ್ನು ಕಳಿಸಬೇಡ. ಎಷ್ಟು ಸೆಕೆಂಡ್ ಎಂದು ತಕ್ಷಣ ಬರೆ. ನೀರಿನ ಬಣ್ಣವನ್ನೂ ನೋಡು.

ಈ ಕಾಗದ ಯಾರಿಗೂ ತೋರಿಸಬೇಡ. ಯಾಕೆಂದು ಈಗ ಕೇಳಬೇಡ.

ಅತ್ತಿಗೆ


೧೨ ಏಪ್ರಿಲ್

ಅತ್ತಿಗೆಯವರಿಗೆ,

ತಮ್ಮ ನಾಲ್ಕು ಸಾಲು ಇವತ್ತು ಬೆಳಿಗ್ಗೆ ತಲುಪಿತು. ಸಹಿ ಎರಡನೇ ತಾರೀಕೇ ಆಗಿದೆ. ಅಜ್ಜನನ್ನು ಕೆಲಸದಿಂದ ತೆಗೆದು ಹತ್ತು ದಿನವಾಯಿತು.

ಇಳಿದೆ. ತೊಳೆಯುವ ನಲ್ಲಿಯ ಮೂಲವನ್ನು ಮೊದಲು ಮೇಲಿನಿಂದಲೇ ಕಟ್ಟಿಸಿದೆ. ಆಮೇಲೆ ಕೊಳವೆಯ ತಿರುಪು ಬಿಚ್ಚಿದೆ. ನೀರು ಮುಖಕ್ಕೇ ಹಾರಿತು. ಮೂರು ಸಲ ಹಿಡಿದೆ: ಐವತ್ತೊಂದು, ಐವತ್ತೊಂದು, ಐವತ್ತೊಂದು. ಬಣ್ಣ ಕೇಳಿದ್ದಿರಿ. ಬಿಳಿ ಬಟ್ಟಲಿಗೆ ಬಗ್ಗಿಸಿ ಕಾಲು ಗಂಟೆ ಬಿಟ್ಟೆ. ತಳದಲ್ಲಿ ಬೆರಳಿಗೆ ಹತ್ತುವಷ್ಟು ಮಣ್ಣು. ನೀರಿನ ಜೊತೆ ಮಣ್ಣು ಬರುತ್ತಿದೆ ಎಂದರೆ ಒಳಗೆ ಏನೋ ಕೊರೆದುಹೋಗುತ್ತಿದೆ ಎಂದರ್ಥ.

ಮೇಲೆ ಬಂದು ಡಬ್ಬಿ ನೋಡಿದೆ. ೪೧,೯೪,೩೦೪. ಹತ್ತು ಸೆಕೆಂಡ್ ಕಾದೆ. ೪೧,೯೪,೩೦೪. ಮೀಟರಿನ ತಂತಿಗೆ ಬೇರೊಂದು ಯಂತ್ರ ಹಚ್ಚಿ ನೋಡಿದರೆ ಮೀಟರ್ ಸರಿಯಾಗೇ ೧.೯೬ ಲೀಟರ್ ಅನ್ನುತ್ತಿದೆ. ನನ್ನ ಹನ್ನೆರಡು ಸಾಲಿನಲ್ಲಿ ತಪ್ಪಿಲ್ಲ. ಹಾಗಾದರೆ ೧.೯೬ ಎಲ್ಲಿ ಹೋಯಿತು?

ಪೇಟೆಗೆ ಹೋಗಿ ಅಣ್ಣನಿಗೆ ಫೋನ್ ಮಾಡಿದೆ. ಅವನು ಪಾಪ, ಹೊಟ್ಟೆಯಲ್ಲಿ ಏನೂ ನಿಲ್ಲದವನು. "ಓಹೋ, ಆ ಎರಡು ಬಿಟ್ ವಿಷಯಾನಾ? ಮೂರು ವರ್ಷದ ಹಿಂದೆ ನಿದ್ದೆಗೆಟ್ಟಿದ್ದಳು ಕಣೇ. 'ಪ್ರತಿ ಸಂಖ್ಯೆಯಿಂದ ಎರಡು ಬಿಟ್ ಕದ್ದಿದ್ದೀನಿ, ಪುಸ್ತಕದಲ್ಲಿ ಬರೆಯೋಕೆ ಬಿಡ್ತಿಲ್ಲ' ಅಂತಿದ್ದಳು. ಆಮೇಲೆ ಸುಮ್ಮನಾದಳು," ಎಂದ.

ಮಾರ್ಚ್ ಇಪ್ಪತ್ನಾಲ್ಕರಂದೇ ತಾವು ಮೊತ್ತ ಎಷ್ಟಕ್ಕೆ ನಿಂತಿದೆ ಎಂದು ಕೇಳಿದ್ದಿರಿ. ಆಗಲೇ ಗೊತ್ತಿತ್ತು, ಅಲ್ಲವೇ? ಗೊತ್ತಿದ್ದೂ ನನ್ನ ಕೈಚಳಕದ ಮೇಲೆ ಅನುಮಾನಪಟ್ಟಿರಿ. ನಾನು ಅಜ್ಜನ ಮೇಲೆ ಪಟ್ಟೆ. ಯಾರು ಯಾರನ್ನು ಕಳ್ಳರೆಂದು ಕರೆದೆವು ನೋಡಿ.

ಈ ಕಾಗದಕ್ಕೆ ಪೂರ್ತಿ ಉತ್ತರ ಬೇಕು. ಕೊರಿಯರಿನಲ್ಲಿ.


೧೫ ಏಪ್ರಿಲ್

ತಂಗಿ,

ಪೂರ್ತಿ ಬರೆಯುತ್ತೇನೆ. ಇದನ್ನು ಯಾರಿಗೆ ಬೇಕಾದರೂ ತೋರಿಸು.

ನೀನು ಬರೆದ ಸಾಲುಗಳನ್ನು ಒಂದೊಂದಾಗಿ ಓದಿ ನಡೆಸುವುದು ನನ್ನ ಇಂಟರ್‌ಪ್ರಿಟರ್. ಅದರ ಕೈಗೆ ಬರುವ ಪ್ರತಿಯೊಂದಕ್ಕೂ ಮೂವತ್ತೆರಡು ಬಿಟ್‌ನ ಒಂದು ಮನೆ. ಬಿಟ್ ಎಂದರೆ ಸೊನ್ನೆಯೋ ಒಂದೋ ಮಾತ್ರ ಹಿಡಿಯುವ ಪುಟ್ಟ ಗೂಡು. ಆ ಮನೆಯಲ್ಲಿ ಇರುವುದು ಪೂರ್ಣಾಂಕವೋ, ದಶಮಾಂಶ ಸಂಖ್ಯೆಯೋ, ಅಕ್ಷರಗಳೋ ಎಂದು ತಿಳಿಯಲು ಒಂದು ಗುರುತು ಬೇಕು. ಗುರುತಿಗೆ ಬೇರೆ ಮನೆ ಕಟ್ಟಿದರೆ ಡಬ್ಬಿಯ ಪುಟ್ಟ ಮೆಮೊರಿ ಸಾಲದು, ಕೆಲಸವೂ ನಿಧಾನ. ಪೂರ್ಣಾಂಕದಲ್ಲಿ ಜಾಗ ಹೇಗೋ ಹೊಂದಿತು. ದಶಮಾಂಶ ಸಂಖ್ಯೆ ಮೂವತ್ತೆರಡನ್ನೂ ತುಂಬಿಕೊಂಡು ಕೂತಿರುತ್ತದೆ. ಅದರ ಅಂಕಿಗಳಿಗೆ ಮೀಸಲಾದ ಇಪ್ಪತ್ತನಾಲ್ಕು ಬಿಟ್‌ಗಳಲ್ಲಿ ಕೊನೆಯ ಎರಡನ್ನು ಕತ್ತರಿಸಿ, ಅಲ್ಲಿ ಗುರುತು ಇಟ್ಟೆ. ಹತ್ತಿರದ ಅಂಕಿಗೆ ಸರಿಹೊಂದಿಸಬಹುದಿತ್ತು. ಅದಕ್ಕೂ ಸಮಯ ಹಿಡಿಯುತ್ತದೆಂದು ಸುಮ್ಮನೆ ಕತ್ತರಿಸಿದೆ.

ಉಳಿದದ್ದು ಇಪ್ಪತ್ತೆರಡು. ಮೊತ್ತ ಸಣ್ಣದಿದ್ದಾಗ ಅಷ್ಟು ಜಾಗ ಧಾರಾಳ. ಮೊತ್ತ ಬೆಳೆದಂತೆ ದೊಡ್ಡ ಅಂಕಿಗಳೇ ಜಾಗ ಹಿಡಿದು, ಸಣ್ಣವು ಹೊರಗೆ ಬೀಳುತ್ತವೆ. ಐದು ಲಕ್ಷ ದಾಟಿದ ಮೇಲೆ ಕಾಲು ಲೀಟರಿಗಿಂತ ಸಣ್ಣದು ನಿಲ್ಲುವುದಿಲ್ಲ. ಆದ್ದರಿಂದ ನಿನ್ನ ೧.೬ ಬರೀ ೧.೫ ಆಯಿತು. ಇಪ್ಪತ್ತೊಂದು ಲಕ್ಷದ ಹತ್ತಿರ ಹೋದ ಮೇಲೆ ಒಂದು ಲೀಟರಿಗಿಂತ ಸಣ್ಣದು ನಿಲ್ಲದು, ೧.೮ ಎಂಬುದು ೧ ಆಯಿತು. ದಿನಕ್ಕೆ ಎಷ್ಟು ಹತ್ತು ಸೆಕೆಂಡುಗಳಿವೆ ಲೆಕ್ಕ ಹಾಕು: ೮,೬೪೦. ನಿನ್ನ ಡಬ್ಬಿ ಎಂಟು ತಿಂಗಳು ನೀರನ್ನು ಅಳೆಯಲೇ ಇಲ್ಲ, ತಾನು ಎಷ್ಟು ಸಲ ಕೂಡಿದೆ ಎಂದಷ್ಟೇ ಎಣಿಸಿತು. ಸಿಮೆಂಟ್ ತುಂಬಿಸಿದ ವಾರವೇ ಅದು ಇಳಿದದ್ದು ಕಾಕತಾಳೀಯ. ೪೧,೯೪,೩೦೪ ಮುಟ್ಟಿದ ಮೇಲೆ ಎರಡು ಲೀಟರಿಗಿಂತ ಸಣ್ಣದು ಸೊನ್ನೆ.

ಏಳು ಅಂಕಿ ಎಂದು ಬರೆದದ್ದು ಇಪ್ಪತ್ತನಾಲ್ಕು ಬಿಟ್ ಇದ್ದಾಗ. ಕತ್ತರಿಸಿದ ಮೇಲೆ ಆ ಪುಟ ತಿದ್ದಬೇಕೆಂದೆ. ಕಂಪನಿಯ ಯಜಮಾನರು "ಕೊಳ್ಳುವವರು ಹೆದರ್ತಾರೆ, ಇರ್ಲಿ ಬಿಡಿ" ಎಂದರು. ನಾನು ಬಿಟ್ಟೆ. ನಿನ್ನ ಮೊದಲ ಕಾಗದ ಓದಿದಾಗಲೇ ಇದೇ ಇರಬೇಕೆಂದು ಹೊಳೆದಿತ್ತು. ಆದರೂ ನೀನೇ ಏನೋ ಕೆಡಿಸಿರಲಿ ಎಂದು ಆಸೆಪಟ್ಟೆ, ದೇವರಾಣೆ, ಹಾಗೆ ಆಸೆಪಟ್ಟೆ. ಪಟ್ಟಿ ಬಂದ ಮೇಲೆ ಅನುಮಾನಕ್ಕೆ ಜಾಗವಿರಲಿಲ್ಲ. ಬರೆದರೆ ಕಾಗದ ಸಾಕ್ಷಿಯಾಗುತ್ತದೆಂದು ಹೆದರಿ ನಾಲ್ಕು ಸಾಲು ಗೀಚಿದೆ.

ಈಗ ಮುಖ್ಯವಾದದ್ದು. ಐವತ್ತೊಂದು ಸೆಕೆಂಡ್ ಎಂದಿದ್ದೀಯ. ಅದು ಐವತ್ತಕ್ಕೆ ಇಳಿದ ಗಳಿಗೆ, ಹತ್ತು ಸೆಕೆಂಡಿಗೆ ಎರಡು ಲೀಟರ್ ಆಗುತ್ತದೆ. ಆಗ ಡಬ್ಬಿ ಇದ್ದಕ್ಕಿದ್ದಂತೆ ಎಚ್ಚರಗೊಂಡು ೪೧,೯೪,೩೦೬, ೩೦೮, ೩೧೦ ಎಂದು ಎರಡೆರಡಾಗಿ ಏರುತ್ತದೆ. ಕೆಟ್ಟಿತೆಂದು ಎಲ್ಲರೂ ಅದನ್ನು ಆರಿಸಲು ಓಡುತ್ತಾರೆ. ಬಿಡಬೇಡ. ಅದಕ್ಕೂ ಮೊದಲೇ ನೀರು ಇಳಿಸಿ, ಕೆಳಗಿನವರನ್ನು ಎಬ್ಬಿಸಿದರೆ ಇನ್ನೂ ಒಳ್ಳೆಯದು.

ಅತ್ತಿಗೆ


೩ ಮೇ

ಅತ್ತಿಗೆ,

ಮೂರು ವಾರ ಬರೆಯಲಾಗಲಿಲ್ಲ. ಯಾರಿಗೂ ಏನೂ ಆಗಿಲ್ಲ, ಅದನ್ನು ಮೊದಲು ಹೇಳಿಬಿಡುತ್ತೇನೆ.

ನಿಮ್ಮ ಕಾಗದ ಹದಿನೇಳಕ್ಕೆ ಬಂತು. ಹಾಗೆಯೇ ಮುಖ್ಯ ಎಂಜಿನಿಯರ್ ಮೇಜಿನ ಮೇಲಿಟ್ಟೆ. ಓದಿದರು. "ಡಬ್ಬಿ ಸರಿ ಅಂತ ಎರಡನೇ ತಾರೀಕು ಸಹಿ ಹಾಕಿದ್ದು ನೀವೇ. ಈಗ ಅತ್ತಿಗೆ ಕಾಗದ ಇಟ್ಕೊಂಡು ಗೇಟ್ ಎತ್ತಿ ಅಂತಿದ್ದೀರಿ. ಮನೆ ಜಗಳಾನಾ ಇದು?" ಎಂದರು. ಮಣ್ಣಿನ ಬಟ್ಟಲು ತೋರಿಸಿದೆ. ಮೇಲಿನವರನ್ನು ಕೇಳಬೇಕು, ಎರಡು ದಿನ ಕಾಯಿರಿ ಎಂದರು. ನಾನು ಹೊಸದಾಗಿ ಅವರ ಮೇಲೆ ಅನುಮಾನಪಡತೊಡಗಿದೆ. ಸಿಮೆಂಟ್ ಕೆಲಸಕ್ಕೆ ಅವರಿಗೆ ಬಂದ ಹೊಗಳಿಕೆ ಗೋಡೆಯ ಮೇಲೆ ಚೌಕಟ್ಟಿನಲ್ಲಿತ್ತು.

ಹತ್ತೊಂಬತ್ತನೇ ತಾರೀಕು ಬೆಳಿಗ್ಗೆ ಹನ್ನೊಂದಕ್ಕೆ ನಾವು ನಾಲ್ಕು ಜನ ಡಬ್ಬಿಯ ಕೋಣೆಯಲ್ಲಿ ನಿಂತು ಚಹಾ ಕುಡಿಯುತ್ತಿದ್ದೆವು. ಒಬ್ಬ ಗುಮಾಸ್ತ "ಮೇಡಂ, ಏನೋ ಅಲ್ಲಾಡ್ತು" ಎಂದ. ೪೧,೯೪,೩೦೬. ಮತ್ತೆ ಸುಮ್ಮನಾಯಿತು. ಆಮೇಲೆ ೩೦೮. ೩೧೦. ೩೧೨. ಮುಖ್ಯ ಎಂಜಿನಿಯರ್ ಬಂದು ನೋಡಿ, "ಕೆಟ್ಟಿದೆ, ಆರಿಸಿ" ಎಂದು ಸ್ವಿಚ್ಚಿಗೆ ಕೈ ಚಾಚಿದರು. ನಾನು ನಿಮ್ಮ ಕಾಗದದ ಕೊನೆಯ ಪುಟ ಬಿಡಿಸಿ ಪರದೆಯ ಪಕ್ಕದಲ್ಲೇ ಹಿಡಿದೆ. ಅದರಲ್ಲಿದ್ದ ಅಂಕಿ, ಇದರಲ್ಲಿದ್ದ ಅಂಕಿ. ಅವರ ಕೈ ಅಲ್ಲೇ ನಿಂತಿತು. ಎರಡು ಸಲ ಓದಿದರು. ಆಮೇಲೆ ಆ ಮನುಷ್ಯ ಯಾರನ್ನೂ ಕೇಳಲಿಲ್ಲ. ತಾವೇ ಗೇಟಿನ ಕೋಣೆಗೆ ಓಡಿದರು. ಅವರ ಮೇಲಿನ ಅನುಮಾನವನ್ನು ಅಷ್ಟರಮಟ್ಟಿಗೆ ವಾಪಸ್ ತೆಗೆದುಕೊಳ್ಳುತ್ತೇನೆ.

ಸುರಂಗದ ಹಳೆಯ ತಿರುಪುಗಳಲ್ಲಿ ಯಾವುದು ಯಾವುದಕ್ಕೆ ಎಂದು ಬಲ್ಲವರು ಒಬ್ಬರೇ. ಜೀಪ್ ಕಳಿಸಿದೆವು. ಬಕೆಟ್ಟಜ್ಜ ಬಂದರು, ನೇರವಾಗಿ ಇಳಿದರು, ಸಂಜೆಯವರೆಗೆ ಮೇಲೆ ಬರಲಿಲ್ಲ. ಕೆಳಗಿನ ಎರಡು ಹಳ್ಳಿಯ ಜನ ಮಧ್ಯಾಹ್ನದೊಳಗೆ ದಿಬ್ಬ ಹತ್ತಿದ್ದರು. ನೀರು ಒಂಬತ್ತು ದಿನ ಇಳಿಸಿದ ಮೇಲೆ ಎಡದಂಡೆಯ ಬುಡದಲ್ಲಿ ಒಬ್ಬ ಮನುಷ್ಯ ತೂರುವಷ್ಟು ಬಿಲ ಕಂಡಿತು.

ಮೊನ್ನೆ ಬೀಗದ ಕೈ ಹಿಂತಿರುಗಿಸಲು ಅಜ್ಜನ ಮನೆಗೆ ಹೋದೆ. ಅವರ ಹೆಂಡತಿ ಒಳಗಿನಿಂದಲೇ ನೋಡಿದರು, ಬನ್ನಿ ಎನ್ನಲಿಲ್ಲ. ಅಂಕಿ ತಪ್ಪಿತ್ತು, ವರದಿ ತಿದ್ದಿದ್ದೇನೆ, ಕ್ಷಮಿಸಿ ಎಂದು ಅಜ್ಜನಿಗೆ ಹೇಳಿದೆ.

"ಅಂಕಿ ತಪ್ಪಿದ್ರೆ ತಿದ್ದಬಹುದಮ್ಮ. ನಲ್ಲಿ ನೀರು ಹಿಡ್ಕೊಂಡು ಬಂದೆ ಅಂದ್ರಲ್ಲ, ಊರೆಲ್ಲ ಕೇಳಿಸ್ಕೊಂಡಿದೆ. ಅದನ್ನ ಎಲ್ಲಿ ತಿದ್ತೀರಿ?"

ಬೀಗದ ಕೈ ತೆಗೆದುಕೊಂಡರು, ಕೆಲಸಕ್ಕೆ ಬರುತ್ತೇನೆಂದು ಮಾತ್ರ ಹೇಳಲಿಲ್ಲ. ಈಗ ಕಚೇರಿಯ ಇನ್ನೊಂದು ಬೀಗದ ಕೈ ಹಿಡಿದು ದಿನಾ ನಾನೇ ಇಳಿಯುತ್ತೇನೆ.

ನಿಮ್ಮನ್ನು ಒಂದು ಮಾತು ಕೇಳಬೇಕು. ಈ ಅಣೆಕಟ್ಟಿನಲ್ಲಿ ನಿಮ್ಮ ಗಂಡನ ತಂಗಿ ಇಲ್ಲದೆ ಬೇರೆ ಯಾರೋ ಇದ್ದಿದ್ದರೆ, ಆ ಏಪ್ರಿಲ್ ಹದಿನೈದರ ಕಾಗದ ಬರೆಯುತ್ತಿದ್ದಿರಾ? ಜಗಳಕ್ಕೆ ಕೇಳುತ್ತಿಲ್ಲ. ನಾನು ಅಜ್ಜನಿಗೆ ಉತ್ತರ ಕೊಡಲಾಗದೆ ಬಂದವಳು. ನೀವಾದರೂ ನನಗೆ ಕೊಡಬಹುದು.

ನಿಮ್ಮ ನಾದಿನಿ


೧೨ ಮೇ

ತಂಗಿ,

ಬದುಕಿದೆಯಲ್ಲ, ಬದುಕಿಸಿದೆಯಲ್ಲ, ಅಷ್ಟು ಸಾಕು ಎಂದು ನಿಮ್ಮಣ್ಣ ಕಾಗದ ಹಿಡಿದು ಅತ್ತರು. ಎರಡೂ ಪುಟ ಓದಿದರು, ನಂಬು.

ಪ್ರಶ್ನೆಗೆ "ಹೌದು, ಬರೆಯುತ್ತಿದ್ದೆ" ಎಂದು ಮೂರು ಸಲ ಬರೆದೆ. ಮೂರು ಸಲ ಹರಿದೆ.

ಡಬ್ಬಿ ಕೊಂಡ ನಲವತ್ಮೂರು ಕಡೆಗೂ ನನ್ನ ಹೆಸರಿನಲ್ಲೇ ಬರೆದು ಕಳಿಸಿದ್ದೇನೆ. ವಕೀಲರಿಗೆ ತೋರಿಸಲಿಲ್ಲ. ಕಂಪನಿಯ ಯಜಮಾನರು ನಾಳೆಯಿಂದ ಬರಬೇಡಿ ಎಂದರು, ಹೋಗುತ್ತಿಲ್ಲ. ಮನೆಯಲ್ಲೇ ಕೂತು ಇಂಟರ್‌ಪ್ರಿಟರಿಗೆ ಬೇರೆ ಮನೆ ಕಟ್ಟುತ್ತಿದ್ದೇನೆ. ಗುರುತು ಗುರುತಿನ ಜಾಗದಲ್ಲಿ, ಸಂಖ್ಯೆ ಪೂರ್ತಿಯಾಗಿ ತನ್ನ ಜಾಗದಲ್ಲಿ. ನಿಧಾನ ಓಡುತ್ತದೆ. ಓಡಲಿ.

ಆ ನಲವತ್ಮೂರು ವಿಳಾಸ ಹುಡುಕುವಾಗ ಸಹಾಯವಾಣಿಯ ಹಳೆಯ ಕಡತ ತೆಗೆದೆ. ಎರಡು ವರ್ಷದ ಹಿಂದೆ ಒಂದು ಎಣ್ಣೆ ಗಿರಣಿಯವರು ಕೇಳಿದ್ದಾರೆ: "ನಮ್ಮ ಮೊತ್ತ ೪೧,೯೪,೩೦೪ಕ್ಕೆ ನಿಂತಿದೆ, ಯಾಕೆ?" ಕೆಳಗೆ ಉತ್ತರ: "ಮೊತ್ತವನ್ನು ವಾರಕ್ಕೊಮ್ಮೆ ಸೊನ್ನೆಗೆ ತನ್ನಿ." ಯಾಕೆಂದು ಒಂದಕ್ಷರ ಇಲ್ಲ. ಉತ್ತರ ನನ್ನದೇ. ಅದನ್ನು ಮರೆತಿದ್ದೆ ಎಂದರೆ ನೀನು ನಂಬುತ್ತೀಯೋ ಇಲ್ಲವೋ, ನಾನೇ ನಂಬುತ್ತಿಲ್ಲ.

ಆದ್ದರಿಂದ ನಿನ್ನ ಪ್ರಶ್ನೆಗೆ ಉತ್ತರ: ಬರೆಯುತ್ತಿರಲಿಲ್ಲ. ಬೇರೆ ಯಾರೋ ಕೇಳಿದ್ದರು. ಬರೆಯಲಿಲ್ಲ.

ಗಿರಣಿಗೆ ಫೋನ್ ಮಾಡಿದೆ. ಈಗಿನ ಮ್ಯಾನೇಜರ್ ಹಳೆಯ ಕತೆಯಂತೆ ಹೇಳಿದರು: "ಆಗ ಪಂಪಿನ ಹತ್ರ ಒಬ್ಬಳಿದ್ದಳು ಮೇಡಂ. ಪೀಪಾಯಿ ತುಂಬ್ತಿತ್ತು, ಡಬ್ಬೀಲಿ ಲೆಕ್ಕ ಕಮ್ಮಿ ಬರ್ತಿತ್ತು. ಅವಳೇ ಏನೋ ಕೈಯಾಡಿಸಿದಾಳೆ ಅಂತ ಕಳಿಸಿಬಿಟ್ವಿ. ಒಂದು ಮಾತೂ ಆಡಲಿಲ್ಲ ನೋಡಿ, ತಪ್ಪಿಲ್ದಿದ್ರೆ ಆಡ್ತಿರಲಿಲ್ವಾ?"

ಅವಳ ವಿಳಾಸ ಕೇಳಿ ತೆಗೆದುಕೊಂಡಿದ್ದೇನೆ. ಗಿರಣಿಯವರಿಗೆ ಬರೆದದ್ದರ ಒಂದು ಪ್ರತಿ ಅವಳಿಗೂ ಹಾಕಿದರಾಯಿತು ಎಂದು ಮೊದಲು ಅನಿಸಿತು. ಲಕೋಟೆಯ ಮೇಲೆ ವಿಳಾಸವನ್ನೂ ಬರೆದೆ. ಆಮೇಲೆ ನಿನ್ನ ಅಜ್ಜನ ಮನೆಯ ಬಾಗಿಲಿನಲ್ಲಿ ನೀನು ನಿಂತದ್ದು ನೆನಪಾಯಿತು.

ಬಸ್ಸು ಬೆಳಿಗ್ಗೆ ಆರೂವರೆಗೆ. ನಿಮ್ಮಣ್ಣ ಜೊತೆಗೆ ಬರುತ್ತೇನೆಂದರು, ಬೇಡವೆಂದೆ. ಅವಳು ಬಾಗಿಲು ತೆಗೆದರೆ ಏನು ಹೇಳಬೇಕೆಂದು ಇನ್ನೂ ಗೊತ್ತಿಲ್ಲ. ತೆಗೆಯದಿದ್ದರೆ ಹೊರಗೆ ನಿಂತೇ ಹೇಳುತ್ತೇನೆ, ಅಕ್ಕಪಕ್ಕದವರಿಗೆ ಕೇಳಿಸುವ ಹಾಗೆ.

ಅತ್ತಿಗೆ